ಉಸಿರಿನಲ್ಲಿದೆ ರೇಸಿನ ಗುಟ್ಟು

ರಜೆಯ ದಿನ ಬಂತೆಂದರೆ ತಲಕಾಡಿನ ಹೊಳೆದಂಡೆಯ ದಾರಿಯಲ್ಲಿ ಬೈಕುಗಳದೇ ಸಾಲು. ಮೈಸೂರಿನಿಂದ ತಿ.ನರಸೀಪುರ ದಾಟಿ ಬರುವ ಸುಮಾರು 45 ಕಿ.ಮೀ. ಹಾದಿ ಅದು. ಆ ಸಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಹಳೆಯ ಜಾವಾ ಇಲ್ಲವೇ ಯೆಜ್ಡಿ ‘ಡುಗು ಡುಗು’ ಎನ್ನುತ್ತ ಹಾದುಹೋದರೆ ಅಪ್ಪಂದಿರು ತಿರುಗಿ ನೋಡುತ್ತಾರೆ. ಅವರ ಮಕ್ಕಳ ಕಣ್ಣು ಮಾತ್ರ ಇನ್ನೊಂದು ಬೈಕಿನ ಮೇಲೆ. ಅದರ ಸೈಲೆನ್ಸರಿನ ಒಳಗಿನದನ್ನೆಲ್ಲ ಕಿತ್ತು ಹಾಕಿರುತ್ತಾರೆ. ಕಿವಿ ಕಿತ್ತುಹೋಗುವಂತೆ ಅರಚುತ್ತ ಅದು ಬಂದರೆ ‘ರೇಸ್ ಬೈಕಿನ ಥರಾ ಇದೆ’ ಎಂಬ ಮೆಚ್ಚುಗೆ ಬೇರೆ.

ರೇಸಿನ ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ, ನಿಜ. ಜೋರಾಗಿ ಸದ್ದು ಮಾಡಿದ್ದೆಲ್ಲ ರೇಸಿನ ಎಂಜಿನ್ ಆಗುತ್ತದೆಯೇ? ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಾಗುವ ಹೊತ್ತಿಗೆ ಗ್ಯಾರೇಜಿಗೆ ಕೆಲವು ಸಾವಿರ ರೂಪಾಯಿ ಸಂದಾಯವಾಗಿರುತ್ತದೆ. ಉತ್ತರ ತಿಳಿಯಲು ಹಳೆಯ ಜಾವಾಕ್ಕಿಂತ ಒಳ್ಳೆಯ ಪಾಠದ ಸಾಮಗ್ರಿ ಮೈಸೂರು ಸೀಮೆಯವರಿಗೆ ಸಿಗಲಾರದು.

ಜಾವಾ ಹುಟ್ಟಿದ್ದು ಅಂದಿನ ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲೆರಡು ಅಕ್ಷರ ಸೇರಿ ಆದ ಹೆಸರು. ರುಸ್ತುಂ ಮತ್ತು ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಈ ಬೈಕುಗಳನ್ನು ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆದರೂ ಜುಲೈ ತಿಂಗಳ ಎರಡನೆಯ ಭಾನುವಾರ ಬಂದರೆ ಅಭಿಮಾನಿಗಳು ಹಳೆಯ ಬೈಕುಗಳನ್ನು ಒರೆಸಿ ಬೀದಿಗಿಳಿಸುವುದು ನಿಂತಿಲ್ಲ.

ಆ ಜಾವಾ 250ರ ಎಂಜಿನ್ ಸರಳವಾದದ್ದು. ಒಂದೇ ಸಿಲಿಂಡರು. ಅದರ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಓಡಾಡುವ ದೂರ 75 ಮಿ.ಮೀ. ಹತ್ತನೆಯ ತರಗತಿಯ ಸೂತ್ರ ಹಾಕಿ ಗಾತ್ರ ಲೆಕ್ಕ ಮಾಡಿದರೆ ಸುಮಾರು 249 ಘನ ಸೆಂ.ಮೀ. ಬರುತ್ತದೆ. ಅಂದರೆ ಕಾಲು ಲೀಟರು. ಇಷ್ಟು ಗಾತ್ರದಿಂದ ಅದು ಕೊಡುತ್ತಿದ್ದುದು ಸುಮಾರು 12 ಅಶ್ವಶಕ್ತಿ, ಅದೂ ನಿಮಿಷಕ್ಕೆ 4,750ರ ಆಸುಪಾಸು ಸುತ್ತು ತಿರುಗುವಾಗ. ಇದೇ ಲೆಕ್ಕದಲ್ಲಿ ಒಂದು ಲೀಟರಿನ ಎಂಜಿನ್ ಇದ್ದಿದ್ದರೆ 48 ಅಶ್ವಶಕ್ತಿ ಆಗುತ್ತಿತ್ತು.

ಮೈಸೂರಿನ ಕಾರ್ಖಾನೆ ಕೆಲಸ ಶುರುಮಾಡಿದ ಅದೇ 1961ರಲ್ಲಿ, ಪೂರ್ವ ಜರ್ಮನಿಯ ತ್ಶೋಪೌ ಎಂಬ ಊರಿನ ಎಂಜಡ್ ಕಂಪನಿಯ ರೇಸ್ ಬೈಕು ಜಾವಾದ ಅರ್ಧ ಗಾತ್ರದ, ಅಂದರೆ 125 ಸಿ.ಸಿ. ಎಂಜಿನ್ನಿನಿಂದ 25 ಅಶ್ವಶಕ್ತಿ ಹೊರಡಿಸುತ್ತಿತ್ತು. ಲೀಟರಿಗೆ 200 ಅಶ್ವಶಕ್ತಿ! ಗಾಳಿಯನ್ನು ಬೇರೆ ಯಂತ್ರದಿಂದ ಒತ್ತಿ ತುಂಬದೆ ಈ ಮಟ್ಟ ಮುಟ್ಟಿದ ಮೊದಲ ಎಂಜಿನ್ ಎಂಬ ಹೆಸರು ಅದರದು. ಅದೂ ಜಾವಾದಂತೆಯೇ ಒಂದು ಸಿಲಿಂಡರಿನ, ಎರಡು ಹೊಡೆತದ ಎಂಜಿನ್. ಅದೇ ಕಬ್ಬಿಣ, ಅದೇ ಅಲ್ಯೂಮಿನಿಯಂ, ಅದೇ ಪೆಟ್ರೋಲು. ನಾಲ್ಕು ಪಟ್ಟು ಶಕ್ತಿ ಬಂದದ್ದೆಲ್ಲಿಂದ?

ಬಂದದ್ದು ಗಾಳಿಯಿಂದ. ಪೆಟ್ರೋಲು ಉರಿಯಬೇಕಾದರೆ ತನ್ನ ತೂಕದ ಸುಮಾರು ಹದಿನೈದು ಪಟ್ಟು ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಗಾಳಿಯನ್ನು ಒಳಗೆ ತರುವುದೇ ಕಷ್ಟ. ಜಾವಾದ ಉಸಿರನ್ನೇ ಲೆಕ್ಕ ಹಾಕಿ ನೋಡಿ. ಸುತ್ತಿಗೆ ಕಾಲು ಲೀಟರಿನಂತೆ, ನಿಮಿಷಕ್ಕೆ 4,000 ಸುತ್ತು ತಿರುಗಿದರೆ 1,000 ಲೀಟರು. ಸಿಲಿಂಡರು ಪ್ರತಿಸಲವೂ ಪೂರ್ತಿ ತುಂಬುವುದಿಲ್ಲ ಎಂದು ಅರ್ಧಕ್ಕೆ ಇಳಿಸೋಣ. ಆದರೂ ಮೈಸೂರಿನಿಂದ ತಲಕಾಡಿಗೆ ಒಂದು ಗಂಟೆಯ ಪಯಣದಲ್ಲಿ 30,000 ಲೀಟರು ಗಾಳಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿಯೆಲ್ಲ ಖಾಲಿಯಾಗಿ ಇನ್ನೂ ಸಾಲದು. ಸುಮ್ಮನೆ ಕುಳಿತ ಮನುಷ್ಯ ಸೇದುವುದು ನಿಮಿಷಕ್ಕೆ 6ರಿಂದ 8 ಲೀಟರು ಮಾತ್ರ.

ಶಕ್ತಿ ಹೆಚ್ಚಬೇಕೆಂದರೆ ಎಂಜಿನ್ ಹೆಚ್ಚು ಸಲ ಉಸಿರಾಡಬೇಕು, ಪ್ರತಿ ಉಸಿರನ್ನೂ ತುಂಬಾ ಎಳೆದುಕೊಳ್ಳಬೇಕು. ಎಂಜಡ್ ಎಂಜಿನ್ ನಿಮಿಷಕ್ಕೆ 10,800 ಸುತ್ತು ತಿರುಗುತ್ತಿತ್ತು. ಸೆಕೆಂಡಿಗೆ 180 ಸುತ್ತು. ಜಾವಾದ್ದು ಸೆಕೆಂಡಿಗೆ 80ರ ಹತ್ತಿರ.

ಹಾಗಿದ್ದರೆ ಜಾವಾವನ್ನೂ ಬೇಗ ತಿರುಗಿಸಿದರಾಯಿತಲ್ಲ ಎನ್ನಬಹುದು. ಅಲ್ಲೇ ತೊಡಕು. ಎರಡು ಹೊಡೆತದ ಎಂಜಿನ್ನಿಗೆ ಬಾಗಿಲುಗಳಿಲ್ಲ, ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆಕಿಂಡಿ ತೆರೆಯುತ್ತದೆ. ಅದರ ಹಿಂದೆಯೇ ಹೊಸ ಗಾಳಿ-ಪೆಟ್ರೋಲು ಬರುವ ಕಿಂಡಿಗಳು ತೆರೆಯುತ್ತವೆ. ಪಿಸ್ಟನ್ ಮೇಲೇರುವಾಗ ಎಲ್ಲ ಮುಚ್ಚುತ್ತವೆ. ದಿನಬಳಕೆಯ ಎಂಜಿನ್ನಿನಲ್ಲಿ ಹೊಗೆಕಿಂಡಿ ಒಂದು ಸುತ್ತಿನ 360 ಡಿಗ್ರಿಯಲ್ಲಿ ಸುಮಾರು 140 ಡಿಗ್ರಿಯಷ್ಟು ತೆರೆದಿರುತ್ತದೆ ಎನ್ನೋಣ. ಸೆಕೆಂಡಿಗೆ 80 ಸುತ್ತಾದರೆ ಹಳೆಯ ಹೊಗೆ ಹೊರಹೋಗಲು ಸಿಗುವ ಕಾಲ ಸೆಕೆಂಡಿನ ಸಾವಿರದಲ್ಲಿ ಐದು ಭಾಗ. ಅದೇ ಕಿಂಡಿಯನ್ನಿಟ್ಟುಕೊಂಡು 180 ಸುತ್ತು ತಿರುಗಿಸಿದರೆ ಎರಡು ಭಾಗಕ್ಕೆ ಇಳಿಯುತ್ತದೆ. ಹೊಗೆ ಹೊರಬೀಳುವುದರೊಳಗೆ ಬಾಗಿಲು ಹಾಕಿದಂತೆ. ಆದ್ದರಿಂದ ರೇಸ್ ಎಂಜಿನ್ನಿನ ಕಿಂಡಿಗಳನ್ನು ಎತ್ತರಿಸಿ, ಅಗಲಿಸಿ, 190 ಡಿಗ್ರಿಯವರೆಗೂ ತೆರೆದಿರುವಂತೆ ಮಾಡುತ್ತಾರೆ.

ಹೀಗೆ ಮಾಡಿದರೆ ಇನ್ನೊಂದು ಕಡೆ ಸೋರುತ್ತದೆ. ಕಿಂಡಿ ಅಷ್ಟು ಹೊತ್ತು ತೆರೆದಿದ್ದರೆ ಹೊಸದಾಗಿ ಬಂದ ಗಾಳಿ-ಪೆಟ್ರೋಲೂ ಹೊಗೆಯ ಹಿಂದೆಯೇ ಹೊರಟುಹೋಗುತ್ತದೆ. ಇದನ್ನು ತಡೆಯಲು ಕಂಡುಕೊಂಡ ಉಪಾಯವೇ ಈ ಕಥೆಯ ಸೊಗಸಾದ ಭಾಗ. ಹೊಗೆಕೊಳವೆಯನ್ನೇ ಅವರು ಕಾವಲುಗಾರನನ್ನಾಗಿ ಮಾಡಿದರು.

ಬಾವಿಯ ನೀರಿಗೆ ಕಲ್ಲು ಹಾಕಿದರೆ ಅಲೆ ಹೋಗಿ ಗೋಡೆಗೆ ಬಡಿದು ಹಿಂದಿರುಗುವುದನ್ನು ಎಲ್ಲರೂ ನೋಡಿದ್ದಾರೆ. ಹೊಗೆಕಿಂಡಿ ತೆರೆದೊಡನೆ ಒತ್ತಡದ ಒಂದು ಅಲೆ ಕೊಳವೆಯೊಳಗೆ ಹೊರಡುತ್ತದೆ. ಕೊಳವೆ ಓಲಗದ ಬಾಯಿಯಂತೆ ಅಗಲವಾಗುತ್ತ ಹೋದರೆ ಆ ಅಲೆ ತಿರುಗುಮುರುಗಾಗಿ, ಎಳೆತದ ಅಲೆಯಾಗಿ ಹಿಂದಕ್ಕೆ ಬರುತ್ತದೆ. ಉಳಿದ ಹೊಗೆಯನ್ನು ಸಿಲಿಂಡರಿನಿಂದ ಹೀರಿ ತೆಗೆಯುತ್ತದೆ, ಹೊಸ ಗಾಳಿಯನ್ನೂ ಜಗ್ಗಿ ತರುತ್ತದೆ. ಮುಂದೆ ಅದೇ ಕೊಳವೆ ಆಲಿಕೆಯಂತೆ ಕಿರಿದಾದರೆ ಅಲ್ಲಿಂದ ಒತ್ತಡದ ಅಲೆಯೇ ಮರಳುತ್ತದೆ. ಹೊರಕ್ಕೆ ತಪ್ಪಿಸಿಕೊಂಡಿದ್ದ ಹೊಸ ಗಾಳಿ-ಪೆಟ್ರೋಲನ್ನು ಕಿಂಡಿ ಮುಚ್ಚುವ ಗಳಿಗೆಗೆ ಸರಿಯಾಗಿ ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ನಡುವೆ ದಪ್ಪ, ಎರಡೂ ಕಡೆ ಸಣ್ಣ ಆಗಿರುವ ಈ ಹೊಟ್ಟೆಬಾಕ ಕೊಳವೆ ಹಳೆಯ ರೇಸ್ ಬೈಕುಗಳ ಗುರುತೇ ಆಗಿಹೋಯಿತು. ಚಲಿಸುವ ಭಾಗ ಒಂದೂ ಇಲ್ಲ, ಬರೀ ತಗಡು.

ಎಲ್ಲವೂ ನಿಂತಿರುವುದು ಕಾಲದ ಮೇಲೆ. ಬಿಸಿಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರು. ಸೆಕೆಂಡಿಗೆ 180 ಸುತ್ತು, 190 ಡಿಗ್ರಿ ತೆರೆದ ಕಿಂಡಿ ಎಂದರೆ ಅಲೆಗೆ ಸಿಗುವ ಕಾಲ ಸಾವಿರದಲ್ಲಿ 2.9 ಭಾಗ. ಅಷ್ಟರಲ್ಲಿ ಅದು ಹೋಗಿ ಬರಬಹುದಾದ ದಾರಿ 145 ಸೆಂ.ಮೀ. ಹಾಗಾಗಿ ಹಿಂದಕ್ಕಟ್ಟುವ ಆಲಿಕೆ ಇರಬೇಕಾದದ್ದು ಸುಮಾರು 70 ಸೆಂ.ಮೀ. ದೂರದಲ್ಲಿ. ಈಗ ಸವಾರ ವೇಗ ಕಡಿಮೆ ಮಾಡಿದ, ಸುತ್ತು ಸೆಕೆಂಡಿಗೆ 100ಕ್ಕೆ ಇಳಿಯಿತು ಎನ್ನಿ. ಕಿಂಡಿ ಮುಚ್ಚುವುದು ತಡವಾಗುತ್ತದೆ, ಅಲೆ ಮಾತ್ರ ಮೊದಲಿನಷ್ಟೇ ಬೇಗ ಬರುತ್ತದೆ. ಹೊಸ ಗಾಳಿ ಒಳಬರುತ್ತಿರುವಾಗಲೇ ಹೊಗೆಯನ್ನು ಮತ್ತೆ ಒಳಗೆ ನುಗ್ಗಿಸುತ್ತದೆ. ಎಂಜಿನ್ ಉಬ್ಬಸದ ರೋಗಿಯಂತೆ ಏದುಸಿರು ಬಿಡುತ್ತದೆ. ಜೋಕಾಲಿಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದರೆ ಏರುತ್ತದೆ, ತಪ್ಪಿದ ಗಳಿಗೆಯಲ್ಲಿ ತಳ್ಳಿದರೆ ಕೈಗೇ ಬಡಿಯುತ್ತದೆಯಲ್ಲ, ಹಾಗೆ.

ಇದನ್ನೆಲ್ಲ ಹದಕ್ಕೆ ತಂದವನು ಎಂಜಡ್ ಕಂಪನಿಯ ವಾಲ್ಟರ್ ಕಾಡೆನ್. ದೊಡ್ಡ ಹಣವಿಲ್ಲದ, ಒಳ್ಳೆಯ ಲೋಹ ಕೂಡ ಸುಲಭಕ್ಕೆ ಸಿಗದ ದೇಶದಲ್ಲಿ ಕುಳಿತು ಆತ ಕೊಳವೆಯೊಳಗಿನ ಅಲೆಗಳನ್ನು ಆಸಿಲೋಸ್ಕೋಪಿನ ಪರದೆಯ ಮೇಲೆ ನೋಡುತ್ತ ಅಳತೆ ತಿದ್ದಿದ. ಒಳಗೆ ಗಾಳಿ ಬಿಡುವ ಕೆಲಸವನ್ನು ಪಿಸ್ಟನ್ನಿನಿಂದ ಕಿತ್ತು, ತಿರುಗುವ ತೆಳು ಬಿಲ್ಲೆಯೊಂದಕ್ಕೆ ಕೊಟ್ಟ. ಜಾವಾದಲ್ಲಿ ಒಳಬರುವ ಕಿಂಡಿಯನ್ನು ಪಿಸ್ಟನ್ ಮೇಲೇರುವಾಗ ಎಷ್ಟು ಬೇಗ ತೆರೆಯುತ್ತದೋ ಇಳಿಯುವಾಗ ಅಷ್ಟೇ ತಡವಾಗಿ ಮುಚ್ಚುತ್ತದೆ. ಬಿಲ್ಲೆಗೆ ಆ ಕಟ್ಟುಪಾಡಿಲ್ಲ. ಬೇಕಾದಾಗ ತೆರೆದು ಬೇಕಾದಾಗ ಮುಚ್ಚುವಂತೆ ಅದನ್ನು ಕತ್ತರಿಸಿಕೊಳ್ಳಬಹುದು.

1961ರ ಸೆಪ್ಟೆಂಬರಿನಲ್ಲಿ ಎಂಜಡ್ ಸವಾರ ಎರ್ನ್‌ಸ್ಟ್ ಡೆಗ್ನರ್ 125 ಸಿ.ಸಿ. ವಿಶ್ವ ಪ್ರಶಸ್ತಿಯ ಹೊಸ್ತಿಲಲ್ಲಿದ್ದ. ಸ್ವೀಡನ್ನಿನ ರೇಸಿನಲ್ಲಿ ಎಂಜಿನ್ ಕೈಕೊಟ್ಟಿತು. ಆತ ಅಲ್ಲಿಂದಲೇ ಪಶ್ಚಿಮಕ್ಕೆ ಪರಾರಿಯಾದ. ಅದೇ ಹೊತ್ತಿಗೆ ಅವನ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಯಿತು. ಕಾಡೆನ್‌ನ ವಿದ್ಯೆ ಡೆಗ್ನರ್ ಜೊತೆ ಜಪಾನಿನ ಸುಜುಕಿ ಕಂಪನಿ ಸೇರಿತು. ಮರುವರ್ಷವೇ, 1962ರಲ್ಲಿ, ಆತ ಸುಜುಕಿಗೆ ಅದರ ಮೊದಲ ವಿಶ್ವ ಪ್ರಶಸ್ತಿಯನ್ನು 50 ಸಿ.ಸಿ. ವಿಭಾಗದಲ್ಲಿ ಗೆದ್ದುಕೊಟ್ಟ. ಕಾಡೆನ್ ಮಾತ್ರ ತ್ಶೋಪೌ ಬಿಟ್ಟು ಹೋಗಲಿಲ್ಲ. ಕದ್ದ ವಿದ್ಯೆಗೆ ಸಿಕ್ಕ ಕೀರ್ತಿ ಕಲಿಸಿದವನಿಗೆ ಸಿಗಲಿಲ್ಲ ಎನ್ನುವವರ ಮಾತಿನಲ್ಲಿ ನ್ಯಾಯವಿದೆ.

ಸುಜುಕಿ ಆ ದಾರಿಯಲ್ಲಿ ಎಷ್ಟು ದೂರ ಹೋಯಿತೆಂದರೆ 1967ರ ಅದರ 50 ಸಿ.ಸಿ. ರೇಸ್ ಬೈಕು ನಿಮಿಷಕ್ಕೆ 17,000ಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. ಶಕ್ತಿ ಸಿಗುತ್ತಿದ್ದುದು ಕೆಲವೇ ನೂರು ಸುತ್ತುಗಳ ಕಿರುಪಟ್ಟಿಯಲ್ಲಿ. ಆ ಪಟ್ಟಿಯಿಂದ ಜಾರದಂತೆ ನೋಡಿಕೊಳ್ಳಲು ಇಟ್ಟಿದ್ದ ಗೇರುಗಳು ಹದಿನಾಲ್ಕು! ನಮ್ಮ ಲೂನಾದ ಎಂಜಿನ್ನೂ 50 ಸಿ.ಸಿ.ಯದೇ. ಅದರಲ್ಲಿ ಗೇರು ಬದಲಿಸುವ ಮಾತೇ ಇರಲಿಲ್ಲ. ಸಂತೆಗೆ ಹೋಗುವವರಿಗೆ ಯಾವುದು ವಾಸಿ ಎಂದು ಕೇಳಬೇಕಾಗಿಲ್ಲ.

ಸೈಲೆನ್ಸರ್ ಕಿತ್ತರೆ ಏನಾಗುತ್ತದೆಂಬುದು ಇಷ್ಟು ಹೊತ್ತಿಗೆ ಹೊಳೆದಿರಬೇಕು. ಜಾವಾದ ಉದ್ದನೆಯ ಕೊಳವೆ, ಒಳಗಿನ ಜಾಲರಿ ಎಲ್ಲ ಸದ್ದು ಅಡಗಿಸಲು ಮಾತ್ರ ಇದ್ದವಲ್ಲ. ರೇಸಿನ ಕೊಳವೆಯಷ್ಟು ಚುರುಕಾಗಿ ಅಲ್ಲದಿದ್ದರೂ, ನಿಧಾನ ವೇಗಗಳಲ್ಲಿ ಅವೂ ಅಲೆಯನ್ನು ಹಿಂದಕ್ಕಟ್ಟಿ ಹೊಸ ಗಾಳಿ-ಪೆಟ್ರೋಲು ಸೋರದಂತೆ ತಡೆಯುತ್ತಿದ್ದವು. ಕಿತ್ತು ಬಿಸಾಡಿದರೆ ತಳ್ಳುವವರೇ ಇಲ್ಲ. ಪೆಟ್ರೋಲು ಉರಿಯದೆ ಹೊರಗೆ, ಶಕ್ತಿ ಇಳಿಮುಖ, ಸದ್ದು ಮಾತ್ರ ಏರುಮುಖ. ಬೈಕು ಜೋರಾಗಿ ಓಡುತ್ತಿದೆ ಎಂದು ಕಿವಿ ಮೋಸಹೋಗುತ್ತದೆ. ನಾಲ್ಕು ಹೊಡೆತದ ಇಂದಿನ ಬೈಕುಗಳಲ್ಲಿ ಕೆಲಸದ ಬಗೆ ಬೇರೆ. ಆದರೂ ಕೊಳವೆ, ಗಾಳಿ, ಪೆಟ್ರೋಲು ಮೂರನ್ನೂ ಒಂದಕ್ಕೊಂದು ಹೊಂದಿಸಿಟ್ಟಿರುವುದರಿಂದ ಒಂದನ್ನು ಕೆಡಿಸಿದರೆ ಲೆಕ್ಕ ತಪ್ಪುವುದು ಅಲ್ಲಿಯೂ ತಪ್ಪಿದ್ದಲ್ಲ.

ಕಾನೂನಿನ ಲೆಕ್ಕ ಪಾಲಕರು ತಿಳಿದಿರಬೇಕಾದದ್ದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ವಾಹನವನ್ನು ನಿಯಮ ಮೀರಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದ ಹುಡುಗ ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗಿನ ಸೆರೆ ಮತ್ತು 25,000 ರೂ. ದಂಡ. ಮಾಲೀಕರು ಎಂದರೆ ಬಹಳ ಸಲ ಅಪ್ಪನೇ.

ಇನ್ನು ಬಾಳಿಕೆ. ಪಿಸ್ಟನ್ ಪ್ರತಿ ಸುತ್ತಿನಲ್ಲೂ ಎರಡು ಸಲ ನಿಂತು ಹಿಂದಿರುಗಬೇಕು. ಸುತ್ತುಗಳ ಸಂಖ್ಯೆ ಇಮ್ಮಡಿಸಿದರೆ ಅದನ್ನು ಜಗ್ಗಿ ನಿಲ್ಲಿಸುವ ಬಲ ನಾಲ್ಕು ಪಟ್ಟಾಗುತ್ತದೆ. ವೃತ್ತೀಯ ಚಲನೆಯ ಪಾಠದಲ್ಲಿ ಕೋನವೇಗದ ವರ್ಗ ಬರುತ್ತದಲ್ಲ, ಅದೇ ಇಲ್ಲಿ ಕನೆಕ್ಟಿಂಗ್ ರಾಡನ್ನು ಹಿಡಿದೆಳೆಯುವುದು. ಜಾವಾ ತನ್ನ 4,750 ಸುತ್ತಿನಲ್ಲಿ ಓಡುವಾಗಲೇ ಪಿಸ್ಟನ್ ಮೇಲ್ತುದಿಯಲ್ಲಿ ಅನುಭವಿಸುವ ಜಗ್ಗಾಟ ಅದರ ತೂಕದ ಸಾವಿರ ಪಟ್ಟಿಗೂ ಹೆಚ್ಚು. ಆದ್ದರಿಂದ ರೇಸ್ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಹಗುರ ಮಾಡುತ್ತಾರೆ, ರಾಡನ್ನು ಕನ್ನಡಿಯಂತೆ ಉಜ್ಜುತ್ತಾರೆ. ಬಿರುಕು ಹುಟ್ಟುವುದು ಗೀರಿನಿಂದಲೇ ಎಂಬುದು ಲೋಹದ ಗುಣ. ಕಾರ್ಖಾನೆಯಲ್ಲಿ ಎರಕ ಹೊಯ್ದ ಭಾಗಗಳು ಒಂದಕ್ಕೊಂದು ಕೂಡುವಲ್ಲಿ ಕೂದಲೆಳೆಯ ಮೆಟ್ಟಿಲು ಉಳಿದಿರುತ್ತದೆ. ಸಾವಿರಾರು ಎಂಜಿನ್ ಮಾಡುವವರಿಗೆ ಅದನ್ನು ಅರದಿಂದ ತಿಕ್ಕುತ್ತ ಕೂರಲಾಗದು. ರೇಸಿನವರು ಕೂರುತ್ತಾರೆ. ಮದರಾಸಿನ ಬಳಿಯ ಷೋಲಾವರಂ ವಿಮಾನ ಇಳಿದಾಣದಲ್ಲಿ ದಶಕಗಳ ಕಾಲ ನಡೆದ ರೇಸುಗಳಿಗೆ ಬೈಕು ಹದಮಾಡುತ್ತಿದ್ದವರ ರಾತ್ರಿಗಳು ಕಳೆಯುತ್ತಿದ್ದುದು ಇಂಥ ಕೆಲಸದಲ್ಲೇ. ರೇಸ್ ಮುಗಿದ ಮೇಲೆ ಎಂಜಿನ್ ಬಿಚ್ಚಿ ರಿಂಗು, ಬೇರಿಂಗು ಬದಲಿಸುವುದು ವಾಡಿಕೆ. ಆ ಎಂಜಿನ್ನಿನ ಆಯುಸ್ಸನ್ನು ಗಂಟೆಗಳಲ್ಲಿ ಎಣಿಸುತ್ತಾರೆ, ವರ್ಷಗಳಲ್ಲಲ್ಲ.

ಎಣ್ಣೆಯ ಸಂಗತಿ ನಮ್ಮವರಿಗೆ ಇಷ್ಟವಾಗಬಹುದು. ಹಳೆಯ ರೇಸ್ ಎಂಜಿನ್ನುಗಳಿಗೆ ಹಾಕುತ್ತಿದ್ದುದು ಮನೆಯ ಹರಳೆಣ್ಣೆಯ ನಂಟನನ್ನೇ! ಬಿಸಿ ಏರಿದರೂ ಲೋಹಕ್ಕಂಟಿಕೊಂಡು ಪೊರೆಯಂತೆ ನಿಲ್ಲುವ ಗುಣ ಅದರದು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಆದರೆ ಅದು ಬೇಗ ಅಂಟಾಗಿ ಗಟ್ಟಿಯಾಗುತ್ತದೆ. ದಿನವೂ ಎಂಜಿನ್ ಬಿಚ್ಚಿ ತೊಳೆಯುವವರಿಗೆ ಸರಿ, ಬೆಳಗಿನ ಚಳಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವವರಿಗಲ್ಲ. ಜಾವಾದವರು ಲೀಟರು ಪೆಟ್ರೋಲಿಗೆ ಸುಮಾರು 40 ಮಿ.ಲೀ. ಸಾಧಾರಣ ಎಣ್ಣೆ ಬೆರೆಸಿ ನಿಶ್ಚಿಂತೆಯಿಂದಿದ್ದರು.

ಜಾವಾ ಹೆಸರಿನಲ್ಲೇ ಇನ್ನೊಂದು ತುದಿಯ ಎಂಜಿನ್ನೂ ಇದೆ. ಮಣ್ಣಿನ ದುಂಡು ಹಾದಿಯ ಸ್ಪೀಡ್‌ವೇ ರೇಸಿಗೆಂದು ಚೆಕ್ ನಾಡಿನಲ್ಲಿ ತಯಾರಾಗುವ 500 ಸಿ.ಸಿ.ಯ ನಾಲ್ಕು ಹೊಡೆತದ ಎಂಜಿನ್ ಅದು. ಕುಡಿಯುವುದು ಪೆಟ್ರೋಲಲ್ಲ, ಮೆಥನಾಲ್. ಆವಿಯಾಗುವಾಗ ಒಂದು ಕಿಲೋ ಮೆಥನಾಲ್ ಹೀರುವ ಶಾಖ ಪೆಟ್ರೋಲಿನದಕ್ಕಿಂತ ಮೂರು ಪಟ್ಟು. ಅಷ್ಟೇ ಗಾಳಿಗೆ ಅದು ಬೇಕಾಗುವುದೂ ಎರಡು ಪಟ್ಟಿಗಿಂತ ಹೆಚ್ಚು. ಹೀಗೆ ಒಳಗೇ ತಣ್ಣಗಾಗುವುದರಿಂದ ಪೆಟ್ರೋಲನ್ನು ಸಿಡಿಸಿಬಿಡುವಷ್ಟು ಒತ್ತಿದರೂ ತಡೆಯುತ್ತದೆ. ಆ ಬೈಕಿಗೆ ಒಂದೇ ಗೇರು, ಬ್ರೇಕೇ ಇಲ್ಲ. ಗೇರನ್ನೇ ಕಿಕ್ಕರ್ ಮಾಡಿ ಸ್ಟಾರ್ಟ್ ಮಾಡುತ್ತಿದ್ದ ಮೈಸೂರಿನ ಜಾವಾದೊಡನೆ ಅದಕ್ಕಿರುವ ನಂಟು ಹೆಸರಿನದಷ್ಟೆ.

ತಲಕಾಡಿನವರಿಗೆ ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಒಂದು ಉಳಿದಿದೆ. ರೇಸ್ ಎಂಜಿನ್ನಿನ ಕಾರ್ಬುರೇಟರಿನ ಬಾಯಿ ಎಷ್ಟೋ ಸಲ ಬಟಾಬಯಲು. ಗಾಳಿ ಸೋಸುವ ಫಿಲ್ಟರ್ ಇದ್ದರೆ ಉಸಿರಿಗೆ ಅಷ್ಟು ತಡೆ ಎಂದು ತೆಗೆದಿರುತ್ತಾರೆ. ಗುಡಿಸಿದಂತಿರುವ ರೇಸಿನ ರಸ್ತೆಗೆ ಅದು ನಡೆದೀತು. ಕಾವೇರಿ ತಂದು ಗಾಳಿ ಗುಡ್ಡೆಹಾಕಿದ ತಲಕಾಡಿನ ಮರಳಿನಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲು. ಗಡಸುತನದ ಮೋಸ್ ಪಟ್ಟಿಯಲ್ಲಿ ಅದಕ್ಕೆ 7 ಅಂಕ. ಕಿಟಕಿ ಗಾಜಿಗೆ ಐದೂವರೆ. ಕಬ್ಬಿಣಕ್ಕೆ ಅದಕ್ಕಿಂತಲೂ ಕಡಿಮೆ. ಊರಿಗೆ ಊರನ್ನೇ, ಗುಡಿಗಳ ಸಮೇತ ಹೂತುಹಾಕಿದ ಮರಳಿನ ನುಣ್ಣನೆಯ ಧೂಳಿಗೆ ಸಿಲಿಂಡರಿನ ಗೋಡೆ ಕೆರೆಯುವುದು ಎಷ್ಟರ ಕೆಲಸ? ಒಂದು ಗಂಟೆಗೆ ಕೋಣೆ ತುಂಬ ಗಾಳಿ ಎಳೆಯುವ ಎಂಜಿನ್ನಿನಿಂದ ‘ಪಿಕಪ್ ಬರಲಿ’ ಎಂದು ಫಿಲ್ಟರ್ ಕಿತ್ತವರು ವರ್ಷ ತುಂಬುವುದರೊಳಗೆ ಬೋರು ಮಾಡಿಸಲು ಅಲೆಯುವುದು ಇದರಿಂದಲೇ.

ಹಾಗೆಂದು ರೇಸಿನ ಎಂಜಿನ್ ವ್ಯರ್ಥವೆಂದಲ್ಲ. ಅಲ್ಲಿ ಸುಟ್ಟು, ಮುರಿದು ಕಲಿತದ್ದು ನಿಧಾನವಾಗಿ ಬೀದಿಗೆ ಇಳಿದುಬರುತ್ತದೆ. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಅದರ 293 ಸಿ.ಸಿ.ಯ ನಾಲ್ಕು ಹೊಡೆತದ ಎಂಜಿನ್ನಿಗೆ 27 ಅಶ್ವಶಕ್ತಿ ಇತ್ತು. ಲೀಟರಿಗೆ 92ರ ಲೆಕ್ಕ. ಹಳೆಯ ಜಾವಾದ ಹೆಚ್ಚುಕಡಿಮೆ ಇಮ್ಮಡಿ, ಅದೂ ಹೊಗೆ ಬಹಳ ಕಡಿಮೆ ಮಾಡಿ.

ಅಲೆಯ ಆಟವನ್ನು ನೋಡಲು ಬೈಕು ಬಿಚ್ಚಬೇಕಾಗಿಲ್ಲ. ಬಕೆಟ್ಟಿನ ತುಂಬ ನೀರು, ಒಂದಿಂಚು ಅಗಲ, ಒಂದಡಿ ಉದ್ದದ ಪಿ.ವಿ.ಸಿ. ಪೈಪು, ಶಾಲೆಯ ಪ್ರಯೋಗಾಲಯದ 512 ಅಂಕದ ಶ್ರುತಿಕವೆ ಇದ್ದರೆ ಸಾಕು. ಶ್ರುತಿಕವೆ ಇಲ್ಲದಿದ್ದರೆ ಅಷ್ಟೇ ಕಂಪನದ ಸ್ವರ ಹೊರಡಿಸುವ ಮೊಬೈಲು ಆದೀತು. ಪೈಪನ್ನು ನೀರಿನಲ್ಲಿ ನೆಟ್ಟಗೆ ಮುಳುಗಿಸಿ, ಬಾಯಿಯ ಬಳಿ ಸ್ವರ ಹಿಡಿದು, ಪೈಪನ್ನು ಮೆಲ್ಲಗೆ ಮೇಲೆತ್ತುತ್ತ ಬನ್ನಿ. ನೀರಿನಿಂದ ಸುಮಾರು 16 ಸೆಂ.ಮೀ. ಮೇಲೆ ಬಂದಾಗ ಸ್ವರ ತಟ್ಟನೆ ಗಟ್ಟಿಯಾಗಿ ಕೇಳಿಸುತ್ತದೆ. ಅಲೆ ನೀರಿಗೆ ಬಡಿದು ಸರಿಯಾದ ಗಳಿಗೆಗೆ ಮರಳುವ ಉದ್ದ ಅದು. ಒಂದೆರಡು ಸೆಂ.ಮೀ. ಮೇಲೆ ಕೆಳಗೆ ಮಾಡಿದರೆ ಕುಗ್ಗಿಹೋಗುತ್ತದೆ. ಕಾಡೆನ್ ಪರದೆಯ ಮೇಲೆ ಹುಡುಕುತ್ತಿದ್ದುದು ಈ 16 ಸೆಂ.ಮೀ.ನಂಥದೇ ಒಂದು ಅಳತೆಯನ್ನು, ಉರಿಯುವ ಹೊಗೆಯಲ್ಲಿ, ಸೆಕೆಂಡಿಗೆ 180 ಸಲ.